ಏಳನೆಯ ಗೆರೆ: ಒತ್ತಡಕ್ಕೆ ಸಿಕ್ಕ ಉಪ್ಪಿನ ಒಳರಚನೆ ಗೊತ್ತಾಗುವುದು ಹೇಗೆ?

ಉಪ್ಪಿನ ಹರಳೊಂದನ್ನು ಎಲ್ಲ ಕಡೆಯಿಂದಲೂ ಸಮನಾಗಿ ಹಿಂಡುತ್ತ ಹೋದರೆ ಅದರೊಳಗಿನ ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು, ಎಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಹಿಂಡುವ ಮೊದಲು ಅವುಗಳ ನಡುವಿನ ಅಂತರ 2.82 ಆಂಗ್‌ಸ್ಟ್ರಾಮ್, ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಒತ್ತಡ 30 ಗಿಗಾಪ್ಯಾಸ್ಕಲ್ ಸಮೀಪಿಸುವ ಹೊತ್ತಿಗೆ ಈ ಅಂತರ 2.4ರ ಆಸುಪಾಸಿಗೆ ಇಳಿದಿರುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಒತ್ತಿದರೆ ಅಂತರ ಇದ್ದಕ್ಕಿದ್ದಂತೆ 2.6ಕ್ಕೆ ಏರುತ್ತದೆ. ಒತ್ತಿದ್ದಕ್ಕೆ ಅಯಾನುಗಳು ದೂರ ಸರಿದವು! ಆದರೆ ಹರಳಿನ ಒಟ್ಟು ಗಾತ್ರ ಹಿಗ್ಗುವುದಿಲ್ಲ, ಅದೇ ಗಳಿಗೆಯಲ್ಲಿ ನೂರಕ್ಕೆ ಐದಾರು ಪಾಲು ಕುಗ್ಗುತ್ತದೆ.

ಈ ಒಗಟಿನ ಉತ್ತರ ಸುಲಭ. ಮೊದಲು ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್‌ಗಳಿದ್ದವು, ಈಗ ಎಂಟು. ನೆರೆಯವರು ಹೆಚ್ಚಾದಾಗ ಪ್ರತಿಯೊಬ್ಬರೂ ತುಸು ಹಿಂದೆ ಸರಿದು ನಿಂತರು, ಅಷ್ಟೇ. ಆದರೆ ಇದು ಗೊತ್ತಾದದ್ದು ಹೇಗೆ? ಹೀಗೆ ಹಿಂಡಿಸಿಕೊಳ್ಳುವ ಉಪ್ಪಿನ ತೂಕ ಒಂದು ಮೈಕ್ರೋಗ್ರಾಂ ಕೂಡ ಇರುವುದಿಲ್ಲ, ಅದು ಕುಳಿತಿರುವುದು ಎರಡು ವಜ್ರಗಳ ನಡುವಿನ ಒಂದು ತೂತಿನಲ್ಲಿ. ಅದರೊಳಗಿನ ಅಯಾನುಗಳನ್ನು ಯಾರೂ ಕಣ್ಣಿಂದ ಕಂಡಿಲ್ಲ. ಎಕ್ಸ್-ಕಿರಣ ಹಾಯಿಸಿದಾಗ ಸಿಗುವುದು ಕೆಲವು ಗೆರೆಗಳು ಮಾತ್ರ. ಹತ್ತು ಹನ್ನೆರಡು ಗೆರೆಗಳಿದ್ದರೆ ಅದೇ ಭಾಗ್ಯ. ಉಳಿದದ್ದೆಲ್ಲ ಆ ಗೆರೆಗಳ ಮೇಲೆ ಹೂಡಿದ ವಾದ.

ವಾದಕ್ಕೆ ಇಳಿಯುವ ಮುನ್ನ ಅಳತೆಗಳ ಅಂದಾಜು ಇರಲಿ. ಒಂದು ಗಿಗಾಪ್ಯಾಸ್ಕಲ್ ಎಂದರೆ ನಮ್ಮ ಮೇಲಿರುವ ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ಸಾಗರದ ಅತಿ ಆಳದ ತಳದಲ್ಲಿ ಇರುವುದು ಅದರ ಹತ್ತರಲ್ಲೊಂದು ಪಾಲು. ಭೂಮಿಯ ಕೇಂದ್ರದಲ್ಲಿ ಸುಮಾರು 360 ಗಿಗಾಪ್ಯಾಸ್ಕಲ್.

ಆರು ನೆರೆಯವರು, ಎಂಟು ನೆರೆಯವರು

ಸರಳ ಲವಣಗಳ ಲೋಕದಲ್ಲಿ ಎರಡು ಜೋಡಣೆಗಳು ಮುಖ್ಯ. ಒಂದು ಸೋಡಿಯಂ ಕ್ಲೋರೈಡಿನದು: ಚದುರಂಗದ ಹಾಸನ್ನು ಮೂರು ಆಯಾಮಕ್ಕೆ ಎತ್ತಿ ಕಟ್ಟಿದಂತೆ, ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ ಎಲ್ಲೆಡೆ ಧನ ಅಯಾನಿನ ಪಕ್ಕ ಋಣ ಅಯಾನು. ಇದನ್ನು ಬಿ1 ಎನ್ನುತ್ತಾರೆ. ಇನ್ನೊಂದು ಸೀಸಿಯಂ ಕ್ಲೋರೈಡಿನದು: ಘನದ ಎಂಟು ಮೂಲೆಗಳಲ್ಲಿ ಒಂದು ಬಗೆಯ ಅಯಾನು, ನಡುಮಧ್ಯದಲ್ಲಿ ಇನ್ನೊಂದು. ಇದು ಬಿ2. ಸೀಸಿಯಂ ದಪ್ಪ ಅಯಾನು, ಅದರ ಸುತ್ತ ಎಂಟು ಕ್ಲೋರಿನ್‌ಗಳು ಆರಾಮಾಗಿ ಕೂರುತ್ತವೆ. ಪುಟ್ಟ ಸೋಡಿಯಂ ಸುತ್ತ ಎಂಟನ್ನು ಕೂರಿಸಹೋದರೆ ಕ್ಲೋರಿನ್‌ಗಳೇ ಒಂದಕ್ಕೊಂದು ತಾಗಿ ಜಗಳವಾಡುತ್ತವೆ.

ಒತ್ತಡ ಈ ಜಗಳದ ತೀರ್ಪನ್ನು ಬದಲಿಸುತ್ತದೆ. ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ: ನೆರೆ ಅಯಾನುಗಳ ನಡುವಿನ ಅಂತರ ಎರಡರಲ್ಲೂ ಒಂದೇ ಎಂದಿಟ್ಟುಕೊಂಡರೆ, ಒಂದು ಜೋಡಿ ಅಯಾನುಗಳಿಗೆ ಬಿ2 ಜೋಡಣೆಯಲ್ಲಿ ಬೇಕಾಗುವ ಜಾಗ ಬಿ1ರಲ್ಲಿ ಬೇಕಾಗುವುದಕ್ಕಿಂತ ನೂರಕ್ಕೆ 23ರಷ್ಟು ಕಡಿಮೆ. ಎಂದರೆ ಬಿ2ಗೆ ಹಾರಿದ ಉಪ್ಪಿನ ಕೈಯಲ್ಲಿ ದೊಡ್ಡ ಉಳಿತಾಯವಿದೆ. ಅದರಲ್ಲಿ ಒಂದು ಭಾಗವನ್ನು ಅಂತರ ಹೆಚ್ಚಿಸಿಕೊಂಡು ನೂಕಾಟ ತಗ್ಗಿಸಲು ಖರ್ಚು ಮಾಡಿಯೂ ಅದು ಮೊದಲಿಗಿಂತ ಕಡಿಮೆ ಜಾಗದಲ್ಲಿ ಇರಬಲ್ಲದು. ಒತ್ತಡ ಕಡಿಮೆಯಿದ್ದಾಗ ಜಾಗದ ಉಳಿತಾಯಕ್ಕೆ ಅಂಥ ಮಹತ್ವವಿಲ್ಲ. ಒತ್ತಡ ಏರಿದಂತೆಲ್ಲ ಗಾತ್ರದ ಪ್ರತಿ ಚೂರೂ ಶಕ್ತಿಯ ಲೆಕ್ಕದಲ್ಲಿ ಭಾರವಾಗುತ್ತ ಹೋಗಿ, ಒಂದು ಹಂತದಲ್ಲಿ ತಕ್ಕಡಿ ಬಿ2ರ ಕಡೆಗೆ ವಾಲುತ್ತದೆ. ಆ ಹಂತ ಎಲ್ಲಿ ಬರುತ್ತದೆ ಎಂಬುದನ್ನು ಧನ ಅಯಾನಿನ ದಪ್ಪ ಹೇಳುತ್ತದೆ: ಸೋಡಿಯಂ ಕ್ಲೋರೈಡಿಗೆ ಸುಮಾರು 30 ಗಿಗಾಪ್ಯಾಸ್ಕಲ್, ಪೊಟ್ಯಾಸಿಯಂ ಕ್ಲೋರೈಡಿಗೆ 2, ರುಬಿಡಿಯಂ ಕ್ಲೋರೈಡಿಗೆ ಅರ್ಧ. ಸೀಸಿಯಂ ಕ್ಲೋರೈಡಿಗೆ ಒತ್ತಡವೇ ಬೇಡ, ಅದು ಹುಟ್ಟಾ ಬಿ2.

ಬದಲಾವಣೆ ನಡೆಯುವ ಬಗೆಯೂ ಚೆನ್ನಾಗಿದೆ. ಬಿ1 ಘನವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದ ಉದ್ದಕ್ಕೂ ಅಮುಕಿ, ಅಡ್ಡಕ್ಕೆ ಹಿಗ್ಗಲು ಬಿಟ್ಟರೆ ಸಾಕು. ಯಾವ ಬಂಧವನ್ನೂ ಮುರಿಯದೆ ಅದು ಬಿ2 ಆಗಿಬಿಡುತ್ತದೆ. ನಿಜದ ಹರಳು ಇದೇ ದಾರಿಯನ್ನು ಇಷ್ಟೇ ಅಚ್ಚುಕಟ್ಟಾಗಿ ಹಿಡಿಯುತ್ತದೆ ಎಂದೇನಿಲ್ಲ, ಆದರೆ ಎರಡು ರಚನೆಗಳ ನಂಟು ಮನಸ್ಸಿಗೆ ಹಿಡಿಯಲು ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ.

ಗೆರೆಗಳ ಭಾಷೆ

1912ರಲ್ಲಿ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಸೂಚನೆಯಂತೆ ಫ್ರೀಡ್ರಿಶ್ ಮತ್ತು ಕ್ನಿಪ್ಪಿಂಗ್ ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕೆಗಳ ವಿನ್ಯಾಸ ಮೂಡಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಲಾರೆನ್ಸ್ ಬ್ರ್ಯಾಗ್ ಅದರ ಭಾಷೆ ಬಿಡಿಸಿದ. ಅವನ ಮೊದಲ ಪಾಠಪುಸ್ತಕ ಸರಳ ಲವಣಗಳೇ: ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್. 1915ರಲ್ಲಿ ನೊಬೆಲ್ ಬಂದಾಗ ಅವನಿಗೆ 25 ವರ್ಷ. ಉಪ್ಪಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೋಡಿಯಾಗಿ ಕೂತ ಅಣುವೇ ಇಲ್ಲ ಎಂಬುದನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಷ್ಟು ತಡವಾಗಿಯೂ ‘ನೇಚರ್’ ಪತ್ರಿಕೆಗೆ ಪತ್ರ ಬರೆದು ಈ ಚದುರಂಗದ ಹಾಸನ್ನು ಗೇಲಿ ಮಾಡಿದ.

ಬ್ರ್ಯಾಗ್‌ನ ನಿಯಮ ಹೇಳುವುದಿಷ್ಟು. ಹರಳೊಳಗೆ ಅಯಾನುಗಳು ಪದರ ಪದರವಾಗಿ ಕೂತಿವೆ. ಒಂದು ಪದರದಿಂದ ಚಿಮ್ಮಿದ ಅಲೆಗೂ ಅದರ ಕೆಳಗಿನ ಪದರದಿಂದ ಚಿಮ್ಮಿದ ಅಲೆಗೂ ತಾಳ ಕೂಡಿದರೆ ಮಾತ್ರ ಆ ದಿಕ್ಕಿನಲ್ಲಿ ಬೆಳಕು ಕಾಣುತ್ತದೆ. ಹೀಗೆ ತಾಳ ಕೂಡುವ ಕೋನ ಗೊತ್ತಿದ್ದರೆ, ಕಿರಣದ ತರಂಗಾಂತರ ಗೊತ್ತಿದ್ದರೆ, ಪದರಗಳ ನಡುವಿನ ಅಂತರ ತಾನಾಗಿ ಸಿಗುತ್ತದೆ. ಒಂದೇ ಹರಳಿನ ಬದಲು ಪುಡಿ ಇಟ್ಟರೆ ಸಾವಿರಾರು ಕಣಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದರಿಂದ ಚುಕ್ಕೆಗಳ ಜಾಗದಲ್ಲಿ ಉಂಗುರಗಳು ಮೂಡುತ್ತವೆ. ಆ ಉಂಗುರಗಳನ್ನು ಕೇಂದ್ರದಿಂದ ಹೊರಕ್ಕೆ ಓದಿದರೆ ಅವೇ ಗೆರೆಗಳು.

ಘನಾಕಾರದ ಹರಳುಗಳಲ್ಲಿ ಒಂದು ಅನುಕೂಲವಿದೆ. ಪ್ರತಿ ಗೆರೆಯ ಪದರ-ಅಂತರವನ್ನು ವರ್ಗ ಮಾಡಿ ತಲೆಕೆಳಗು ಮಾಡಿದರೆ ಬರುವ ಸಂಖ್ಯೆಗಳು ಪೂರ್ಣಾಂಕಗಳ ಅನುಪಾತದಲ್ಲಿ ಇರುತ್ತವೆ. ಆ ಪೂರ್ಣಾಂಕ ಪ್ರತಿ ಬಾರಿಯೂ ಮೂರು ವರ್ಗಸಂಖ್ಯೆಗಳ (ಸೊನ್ನೆಯೂ ಸೇರಿ) ಮೊತ್ತ. ಸೋಡಿಯಂ ಕ್ಲೋರೈಡಿನ ಬಿ1 ರಚನೆ 3:4:8:11:12 ಎಂಬ ಸಾಲು ಕೊಡುತ್ತದೆ. ಬಿ2 ರಚನೆ 1:2:3:4:5:6 ಎಂದು ಹೊರಡುತ್ತದೆ. ಈ ಎರಡು ಸಾಲುಗಳು ಒಂದನ್ನೊಂದು ಹೋಲುವುದೇ ಇಲ್ಲವಾದ್ದರಿಂದ ಸೋಡಿಯಂ ಕ್ಲೋರೈಡಿನ ಪ್ರಕರಣ ಸಲೀಸು. 1968ರಲ್ಲಿ ವಿಲಿಯಂ ಬ್ಯಾಸೆಟ್ ಮತ್ತು ಸಂಗಡಿಗರು 30 ಗಿಗಾಪ್ಯಾಸ್ಕಲ್ ಹತ್ತಿರ ಈ ಬದಲಾವಣೆಯನ್ನು ಹಿಡಿದರು.

ವಜ್ರಗಳ ನಡುವೆ

ಅಷ್ಟು ಒತ್ತಡ ಬಂದದ್ದೆಲ್ಲಿಂದ? ದೈತ್ಯ ಯಂತ್ರದಿಂದಲ್ಲ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಸಾಧನದಿಂದ. 1958-59ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ವಿಯರ್, ಲಿಪಿನ್‌ಕಾಟ್, ವ್ಯಾನ್ ವಾಲ್ಕನ್‌ಬರ್ಗ್ ಮತ್ತು ಬಂಟಿಂಗ್ ಎಂಬ ನಾಲ್ವರು ಡೈಮಂಡ್ ಆನ್ವಿಲ್ ಸೆಲ್ ಕಟ್ಟಿದರು. ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡಿದ್ದ ವಜ್ರಗಳು ಅವರ ಪಾಲಿಗೆ ಬಂದಿದ್ದವು. ವಿಜ್ಞಾನಕ್ಕೆ ಕಳ್ಳರು ಇಷ್ಟು ನೇರವಾಗಿ ನೆರವಾದ ಸಂದರ್ಭ ನನಗೆ ಬೇರೆ ನೆನಪಾಗುತ್ತಿಲ್ಲ.

ಎರಡು ವಜ್ರಗಳ ಮೊನೆ ಸವೆಸಿ ಪುಟ್ಟ ಚಪ್ಪಟೆ ಮುಖ ಮಾಡಿ, ಅವನ್ನು ಎದುರುಬದುರಾಗಿ ಒತ್ತುವುದು ಇಲ್ಲಿನ ಉಪಾಯ. ಮುಖದ ಅಡ್ಡಳತೆ 0.3 ಮಿಲಿಮೀಟರ್ ಇದ್ದರೆ 30 ಗಿಗಾಪ್ಯಾಸ್ಕಲ್ ಬರಲು ಬೇಕಾದ ಬಲ ಸುಮಾರು 200 ಕಿಲೋ ತೂಕದಷ್ಟು. ಕೈಯಲ್ಲಿ ನಾಲ್ಕು ತಿರುಪುಗಳನ್ನು ಬಿಗಿದರೆ ಅದು ಸಿಗುತ್ತದೆ. ವಜ್ರಗಳ ನಡುವೆ ಉಕ್ಕು ಅಥವಾ ರೀನಿಯಂ ಲೋಹದ ತೆಳು ಹಾಳೆ, ಅದರಲ್ಲಿ 0.1 ಮಿಲಿಮೀಟರಿನ ತೂತು. ಈ ಗ್ಯಾಸ್ಕೆಟ್ಟೇ ಸಾಧನದ ಜೀವಾಳ. ತೂತಿನೊಳಗೆ ಉಪ್ಪಿನ ಕಣ, ಅದರ ಪಕ್ಕ ಮಾಣಿಕ್ಯದ ಚೂರು, ಉಳಿದ ಜಾಗಕ್ಕೆ ಹೀಲಿಯಂ ಇಲ್ಲವೇ ನಿಯಾನ್ ಅನಿಲ. ಒತ್ತಡ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೀಳಬೇಕಾದರೆ ಇಂಥ ಮೆತ್ತನೆಯ ಹಾಸಿಗೆ ಬೇಕೇ ಬೇಕು. ವಜ್ರ ಗಟ್ಟಿ ಮಾತ್ರವಲ್ಲ, ಕಣ್ಣಿಗೂ ಪಾರದರ್ಶಕ, ಎಕ್ಸ್-ಕಿರಣಕ್ಕೂ ಬಹುಮಟ್ಟಿಗೆ ಪಾರದರ್ಶಕ. ಹಿಂಡುವ ಇಕ್ಕಳವೇ ಕಿಟಕಿಯೂ ಆಗುವ ಅನುಕೂಲ ಇಷ್ಟರ ಮಟ್ಟಿಗೆ ಬೇರೆ ವಸ್ತುವಿನಲ್ಲಿಲ್ಲ.

ಮಾಣಿಕ್ಯ ಏಕೆ? ಲೇಸರ್ ತಾಗಿದರೆ ಅದು 694.2 ನ್ಯಾನೊಮೀಟರಿನ ಕೆಂಪು ಬೆಳಕು ಸೂಸುತ್ತದೆ. ಒತ್ತಡ ಏರಿದಂತೆ ಆ ಗೆರೆ ಇನ್ನಷ್ಟು ಕೆಂಪಿನತ್ತ ಸರಿಯುತ್ತದೆ, ಒಂದು ಗಿಗಾಪ್ಯಾಸ್ಕಲ್‌ಗೆ ಸುಮಾರು 0.365 ನ್ಯಾನೊಮೀಟರ್. 30ಕ್ಕೆ ತಲುಪಿದಾಗ ಸರಿತ 10 ನ್ಯಾನೊಮೀಟರಿಗಿಂತ ಸ್ವಲ್ಪ ಹೆಚ್ಚು. 1972ರಲ್ಲಿ ಇದೇ ಸಂಸ್ಥೆಯವರು ಈ ಅಳತೆಗೋಲನ್ನು ಬಳಕೆಗೆ ತಂದರು. 1975ರಲ್ಲಿ ಅದನ್ನು ಸುಮಾರು 19.5 ಗಿಗಾಪ್ಯಾಸ್ಕಲ್‌ವರೆಗೆ ತಾಳೆ ಹಾಕಿದ್ದು ಯಾವುದರ ಎದುರು ಗೊತ್ತೆ? ಸೋಡಿಯಂ ಕ್ಲೋರೈಡಿನ ಎದುರೇ. ಉಪ್ಪು ಎಷ್ಟು ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಸೈದ್ಧಾಂತಿಕ ಲೆಕ್ಕ ಮೊದಲೇ ಇತ್ತು, ಮಾಣಿಕ್ಯ ಅದನ್ನು ನೋಡಿ ಕಲಿಯಿತು. ಆಮೇಲೆ ಮಾಣಿಕ್ಯದಿಂದ ಉಪ್ಪಿನ ಒತ್ತಡ ಅಳೆದರು! ಸುತ್ತು ಹೊಡೆದು ಮನೆಗೇ ಬಂದ ಈ ತರ್ಕವನ್ನು ಮುಂದೆ ಲೋಹಗಳ ಆಘಾತ-ತರಂಗ ಪ್ರಯೋಗಗಳ ಫಲಿತಾಂಶಗಳಿಂದ ಬಿಗಿ ಮಾಡಲಾಯಿತು.

ಕಿರಣದ ವಿಷಯಕ್ಕೆ ಬಂದರೆ, ಮಾಮೂಲಿ ಎಕ್ಸ್-ಕಿರಣ ನಳಿಗೆಯ ಬೆಳಕಿನಲ್ಲಿ ಇಷ್ಟು ಸಣ್ಣ ಕಣದ ಉಂಗುರಗಳು ಕಾಣಲು ದಿನಗಟ್ಟಲೆ ಕಾಯಬೇಕಾಗುತ್ತದೆ. ಎಲೆಕ್ಟ್ರಾನುಗಳನ್ನು ಭಾರಿ ವೇಗದಲ್ಲಿ ಸುತ್ತಿಸಿ ಪ್ರಖರ ಎಕ್ಸ್-ಕಿರಣ ಹೊಮ್ಮಿಸುವ ಸಿಂಕ್ರೊಟ್ರಾನ್ ಯಂತ್ರದ ಕಿರಣವನ್ನು ಕೆಲವೇ ಮೈಕ್ರಾನ್ ದಪ್ಪಕ್ಕೆ ಕೂಡಿಸಬಹುದು, ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ಏಳನೆಯ ಗೆರೆ ಇದೆಯೋ ಇಲ್ಲವೋ

ಈಗ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನ್, ಕ್ಲೋರಿನ್ ಅಯಾನಿನಲ್ಲೂ 18. ಎಕ್ಸ್-ಕಿರಣ ಚದುರುವುದು ಎಲೆಕ್ಟ್ರಾನುಗಳಿಂದ. ಹಾಗಾಗಿ ಅದರ ಕಣ್ಣಿಗೆ ಇವೆರಡೂ ಅವಳಿ ಜವಳಿ. ಬಿ1 ರಚನೆಯಲ್ಲಿ ಎರಡರ ವ್ಯತ್ಯಾಸದಿಂದ ಹುಟ್ಟಬೇಕಾದ 3, 11ರಂಥ ಬೆಸ ಗೆರೆಗಳು ಹೆಚ್ಚುಕಡಿಮೆ ಮಾಯ. ಉಳಿಯುವುದು 4, 8, 12, 16, 20, 24, 32. ನಾಲ್ಕರಿಂದ ಭಾಗಿಸಿದರೆ 1, 2, 3, 4, 5, 6, 8. ಹರಳು ಒಂದೇ ಬಗೆಯ ಅಯಾನಿನ ಸಾದಾ ಘನವೆಂಬಂತೆ ವೇಷ ಹಾಕುತ್ತದೆ. ಬ್ರ್ಯಾಗ್ 1913ರಲ್ಲಿ ಗಮನಿಸಿದ್ದು ಇದನ್ನೇ. ಸೋಡಿಯಂ ಕ್ಲೋರೈಡಿನೊಂದಿಗೆ ಹೋಲಿಸಿ ಅವನು ಈ ವೇಷ ಕಳಚಿದ.

ಇದನ್ನು 2 ಗಿಗಾಪ್ಯಾಸ್ಕಲ್ ದಾಟಿಸಿ. ಬಿ2 ಬಂತು. ಇಲ್ಲೂ ಅವಳಿಗಳ ಕಾರಣದಿಂದ ಬೆಸ ಗೆರೆಗಳು ಹೋಗಿ 2, 4, 6, 8, 10, 12, 14 ಉಳಿಯುತ್ತವೆ. ಎರಡರಿಂದ ಭಾಗಿಸಿದರೆ 1, 2, 3, 4, 5, 6, 7. ಮೊದಲ ಆರು ಗೆರೆಗಳ ಅನುಪಾತ ಮೊದಲಿನದ್ದೇ! ಎರಡು ಬೇರೆ ಬೇರೆ ರಚನೆಗಳು ಒಂದೇ ರಾಗ ಹಾಡುತ್ತ ಏಳನೆಯ ಸ್ವರದಲ್ಲಿ ಮಾತ್ರ ಬೇರೆಯಾಗುತ್ತವೆ. ಬಿ1ರಲ್ಲಿ 7 ಇಲ್ಲದಿರಲು ಕಾರಣ ಶುದ್ಧ ಗಣಿತ: ಮೂರು ವರ್ಗಸಂಖ್ಯೆಗಳನ್ನು ಹೇಗೆ ಕೂಡಿಸಿದರೂ 7 ಬರುವುದಿಲ್ಲ. 4+1+1 ಆರು, 4+4+0 ಎಂಟು. ಆದರೆ 14 ಬರುತ್ತದೆ, 9+4+1.

ಏಳನೆಯ ಗೆರೆಯನ್ನು ನೋಡಿ ಹೇಳಿದರಾಯಿತಲ್ಲ ಎನಿಸಬಹುದು. ತೊಡಕಿರುವುದು ಕಿಟಕಿಯಲ್ಲಿ. ವಜ್ರಗಳನ್ನು ಹಿಡಿದ ಲೋಹದ ಚೌಕಟ್ಟು ಕಿರಣವನ್ನು ಒಂದು ಕೋನದಾಚೆ ಹೋಗಗೊಡುವುದಿಲ್ಲ. ಮೊಲಿಬ್ಡಿನಂ ನಳಿಗೆಯ 0.71 ಆಂಗ್‌ಸ್ಟ್ರಾಮ್ ಕಿರಣ ಬಳಸಿದರೆ ಈ ಏಳನೆಯ ಗೆರೆ ಬೀಳುವುದು ಸುಮಾರು 42 ಡಿಗ್ರಿಯಲ್ಲಿ. ಅನೇಕ ಸೆಲ್‌ಗಳಲ್ಲಿ ಅಲ್ಲಿ ಕಾಣುವುದು ಚೌಕಟ್ಟಿನ ನೆರಳು. 0.4 ಆಂಗ್‌ಸ್ಟ್ರಾಮಿನ ಸಿಂಕ್ರೊಟ್ರಾನ್ ಕಿರಣವಾದರೆ ಅದೇ ಗೆರೆ 24 ಡಿಗ್ರಿಯ ಒಳಗೇ ಬೀಳುತ್ತದೆ. ಗಿಡ್ಡ ತರಂಗಾಂತರಕ್ಕೆ ಈ ಕ್ಷೇತ್ರದವರು ಅಷ್ಟು ಹಾತೊರೆಯುವುದು ಇದಕ್ಕೇ.

ಏಳನೆಯದು ಕಾಣದಿದ್ದರೂ ಸಾಕ್ಷಿಗಳು ಬತ್ತುವುದಿಲ್ಲ. ಗೆರೆಗಳ ಗಾಢತೆ ನೋಡಬಹುದು: ಬಿ1ರಲ್ಲಿ ಎರಡನೆಯ ಗೆರೆ ಗಟ್ಟಿ, ಬಿ2ರಲ್ಲಿ ಅದು ಸಪ್ಪೆಯಾಗಿ ಮೂರನೆಯದು ಎದ್ದು ಕಾಣುತ್ತದೆ. ಇದಕ್ಕಿಂತ ನನಗೆ ಹೆಚ್ಚು ಒಪ್ಪಿಗೆಯಾಗುವುದು ಗಾತ್ರದ ಸಾಕ್ಷಿ. ಬದಲಾವಣೆಯ ಹೊತ್ತಿನಲ್ಲಿ ಮೊದಲ ಗೆರೆಯ ಪದರ-ಅಂತರ ಸುಮಾರು 3.04ರಿಂದ 2.6 ಆಂಗ್‌ಸ್ಟ್ರಾಮ್‌ಗೆ ಹಾರುತ್ತದೆ. ರಚನೆ ಇನ್ನೂ ಬಿ1 ಎಂದು ಹಟ ಹಿಡಿದು ಲೆಕ್ಕ ಮಾಡಿದರೆ ಹರಳು ಒಮ್ಮೆಲೇ ನೂರಕ್ಕೆ 38ರಷ್ಟು ಕುಗ್ಗಿತು ಎಂದಾಗುತ್ತದೆ. ಘನವಸ್ತುವೊಂದು 2 ಗಿಗಾಪ್ಯಾಸ್ಕಲ್‌ನಲ್ಲಿ ಹಾಗೆ ಕುಸಿಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಬಿ2 ಎಂದು ಓದಿದರೆ ಕುಗ್ಗಿದ್ದು ನೂರಕ್ಕೆ ಹನ್ನೆರಡರಷ್ಟು. ಇದು ಕೂಡುವ ಮಾತು.

ಬದಲಾವಣೆ ಒಂದೇ ಕ್ಷಣಕ್ಕೆ ಮುಗಿಯುವುದಿಲ್ಲ ಎಂಬುದೂ ಗಮನದಲ್ಲಿರಬೇಕು. ಹಳೆಯ ಮತ್ತು ಹೊಸ ಗೆರೆಗಳು ಕೆಲಕಾಲ ಒಟ್ಟಿಗೇ ಇರುತ್ತವೆ. ಒತ್ತಡ ಇಳಿಸುವಾಗ ಮರಳಿ ಹೋಗುವುದು ಹೋದ ಬಿಂದುವಿಗಿಂತ ಕೆಳಗೆ. ಹಾಗಾಗಿ ‘ಇಂತಿಷ್ಟು ಗಿಗಾಪ್ಯಾಸ್ಕಲ್’ ಎಂಬ ಒಂದೇ ಸಂಖ್ಯೆ ಕಂಡಾಗ ಅದು ಏರಿಕೆಯದೋ ಇಳಿಕೆಯದೋ ಎಂದು ಕೇಳುವುದು ಒಳ್ಳೆಯದು.

ವಾದ ತಪ್ಪಿದ್ದೂ ಇದೆ

ಅವಳಿಗಳ ಸಮಸ್ಯೆ ಸೀಸಿಯಂ ಅಯೋಡೈಡಿನಲ್ಲಿ ಉಗ್ರರೂಪ ತಾಳುತ್ತದೆ. ಎರಡೂ ಅಯಾನುಗಳಲ್ಲಿ 54 ಎಲೆಕ್ಟ್ರಾನ್, ಕ್ಸೆನಾನ್ ಪರಮಾಣುವಿನಲ್ಲಿ ಇರುವಷ್ಟೇ. ಒತ್ತಡ ಏರಿದಂತೆ ಇದರ ಬಿ2 ಗೆರೆಗಳು ಸೀಳತೊಡಗುತ್ತವೆ. 1980ರ ದಶಕದ ಮೊದಲ ಭಾಗದಲ್ಲಿ ಇದನ್ನು ನೋಡಿದವರು, ಘನ ಒಂದು ದಿಕ್ಕಿಗೆ ಎಳೆದುಕೊಂಡು ಟೆಟ್ರಾಗೊನಲ್ ಆಗಿದೆ ಎಂದು ತೀರ್ಮಾನಿಸಿದರು. 1989ರಲ್ಲಿ ಹೋ-ಕ್ವಾಂಗ್ ಮಾವೋ ಮತ್ತು ಸಂಗಡಿಗರು ಸಿಂಕ್ರೊಟ್ರಾನ್‌ನಲ್ಲಿ ಅಳೆದಾಗ ಆ ಹಂತವೇ ಇರಲಿಲ್ಲ. ಹರಳು ಘನಾಕಾರದ ರಚನೆಯಿಂದ ಮೆಲ್ಲಮೆಲ್ಲನೆ, ಒತ್ತೊತ್ತಾಗಿ ಜೋಡಿಸಿದ ಗೋಲಿಗಳಂಥ ಷಟ್ಕೋನ ವಿನ್ಯಾಸದತ್ತ ಸರಿಯುತ್ತಿತ್ತು, ಗಟ್ಟಿಯಾದ ಕ್ಸೆನಾನ್ ಹೋದ ದಾರಿಯಲ್ಲೇ. ಮೊದಲಿನವರು ಅಜಾಗರೂಕರೇನಲ್ಲ. ಅಗಲವಾದ, ಒಂದರ ಮೇಲೊಂದು ಬಿದ್ದ ಕೆಲವೇ ಗೆರೆಗಳಿಗೆ ಎರಡು ಮೂರು ರಚನೆಗಳು ಹೊಂದುತ್ತಿದ್ದವು, ಅವರು ಸರಳವಾದದ್ದನ್ನು ಆರಿಸಿದರು. ಒತ್ತಡ ಸಮನಾಗಿಲ್ಲದಿದ್ದರೂ ಗೆರೆಗಳು ಹೀಗೆಯೇ ಅಗಲವಾಗುತ್ತವೆ, ಗ್ಯಾಸ್ಕೆಟ್ ಲೋಹದ ಗೆರೆಯೊಂದು ನುಸುಳಿದರೂ ಹೊಸ ರಚನೆಯಂತೆ ಕಂಡು ದಾರಿ ತಪ್ಪಿಸುತ್ತದೆ.

ಪುಡಿಯ ಉಂಗುರಗಳಲ್ಲಿ ಮೂರು ಆಯಾಮದ ಮಾಹಿತಿ ಒಂದೇ ಸಾಲಿಗೆ ಇಳಿದಿರುತ್ತದೆ. ಸರಳ ಘನಗಳಿಗೆ ಅದು ಸಾಕು. ರಚನೆ ಸೊಟ್ಟಗಾದರೆ ಸಾಲದು. ಕ್ಯಾಲ್ಸಿಯಂ ಕಾರ್ಬೊನೇಟ್ ಇದಕ್ಕೆ ಉದಾಹರಣೆ. ಹಾರ್ವರ್ಡ್‌ನ ಪರ್ಸಿ ಬ್ರಿಜ್‌ಮನ್ 1939ರಲ್ಲೇ ಅದರ ಗಾತ್ರದಲ್ಲಿ ಎರಡು ಜಿಗಿತಗಳನ್ನು ಗುರುತಿಸಿದ್ದ, ಎರಡೂ 1.5ರಿಂದ 2.5 ಗಿಗಾಪ್ಯಾಸ್ಕಲ್ ಒಳಗೆ. ಮೊದಲನೆಯದರ ಆಚೆಗಿನ ರಚನೆಯನ್ನು ಮೆರಿಲ್ ಮತ್ತು ಬ್ಯಾಸೆಟ್ 1975ರಲ್ಲಿ ಒಂದೇ ಹರಳಿನ ಚುಕ್ಕೆಗಳಿಂದ ಬಿಡಿಸಿದರು. ಅದಕ್ಕೆಂದೇ ಅವರು ಪುಟ್ಟ ಸೆಲ್ ಒಂದನ್ನು ವಿನ್ಯಾಸ ಮಾಡಿದ್ದರು. ಎರಡನೆಯದು, ಯಾವ ಕೋನವೂ 90 ಡಿಗ್ರಿ ಇಲ್ಲದ ಟ್ರೈಕ್ಲಿನಿಕ್ ರಚನೆ, 2012ರವರೆಗೆ ಕಾಯಿತು. ಮಾರ್ಕೊ ಮೆರ್ಲಿನಿ ಮತ್ತು ಸಂಗಡಿಗರು ಸಿಂಕ್ರೊಟ್ರಾನ್ ಕಿರಣದಲ್ಲಿ ಏಕಹರಳಿನ ಚುಕ್ಕೆಗಳನ್ನು ಸಂಗ್ರಹಿಸಿ ಅದನ್ನು ಬಿಡಿಸಿದಾಗ ಬ್ರಿಜ್‌ಮನ್ ಕಂಡು 73 ವರ್ಷ ಕಳೆದಿತ್ತು. ಅಷ್ಟು ಕಾಲ ಆ ವಸ್ತು ಇದೆ ಎಂಬುದು ಗೊತ್ತಿತ್ತು, ಹೇಗಿದೆ ಎಂಬುದು ಗೊತ್ತಿರಲಿಲ್ಲ.

ಈಚೆಗೆ ಕೆಲಸದ ಕ್ರಮವೇ ತಿರುವುಮುರುವಾಗಿದೆ. ಮೊದಲು ಕಂಪ್ಯೂಟರ್ ಸಾವಿರಾರು ಸಂಭಾವ್ಯ ರಚನೆಗಳ ಶಕ್ತಿ ಲೆಕ್ಕ ಹಾಕಿ ಯಾವುದು ಉಳಿಯಬಲ್ಲದು ಎಂದು ಸೂಚಿಸುತ್ತದೆ, ಆಮೇಲೆ ಪ್ರಯೋಗದವರು ಆ ರಚನೆಯ ಗೆರೆಗಳನ್ನು ಹುಡುಕುತ್ತಾರೆ. 2013ರಲ್ಲಿ ಆರ್ಟೆಮ್ ಒಗಾನೊವ್, ಅಲೆಕ್ಸಾಂಡರ್ ಗೊಂಚರೊವ್ ಮುಂತಾದವರ ತಂಡ ಹೀಗೆ ಹುಡುಕಿ, ಒಂದು ಸೋಡಿಯಂಗೆ ಮೂರು ಕ್ಲೋರಿನ್ ಇರುವ ಉಪ್ಪನ್ನೂ, ಮೂರು ಸೋಡಿಯಂಗೆ ಒಂದು ಕ್ಲೋರಿನ್ ಇರುವ ಉಪ್ಪನ್ನೂ ವಜ್ರಗಳ ನಡುವೆ ಹಿಂಡಿ, ಲೇಸರಿನಿಂದ ಕಾಯಿಸಿ ಪಡೆಯಿತು. ಶಾಲೆಯಲ್ಲಿ ಕಲಿತ ವೇಲೆನ್ಸಿಯ ಲೆಕ್ಕಕ್ಕೆ ಇವೆರಡೂ ಸಿಗುವುದಿಲ್ಲ. ಇಂಥ ಕಡೆ ಒಂದು ಅಪಾಯ ಇದ್ದೇ ಇದೆ: ಏನು ಕಾಣಬೇಕೆಂದು ಮೊದಲೇ ಗೊತ್ತಿದ್ದವನಿಗೆ ಅದೇ ಕಾಣುತ್ತದೆ. ಗೆರೆಗಳ ಜಾಗ, ಗಾಢತೆ, ಗಾತ್ರ ಮೂರೂ ಹೊಂದಿದರೆ ಮಾತ್ರ ಒಪ್ಪುವ ಶಿಸ್ತು ಇಲ್ಲಿ ಎಂದಿಗಿಂತ ಹೆಚ್ಚು ಬೇಕು.

ಭವಿಷ್ಯ ಕೇಳದೆಯೂ ಹೊಸದು ಸಿಗುವುದುಂಟು. ಉಪ್ಪೂ ನೀರೂ ಸೇರಿದ ಹರಳು ಎಂದರೆ ಬಹುಕಾಲ ಒಂದೇ ಗೊತ್ತಿತ್ತು, ಒಂದು ಸೋಡಿಯಂ ಕ್ಲೋರೈಡಿಗೆ ಎರಡು ನೀರಿನ ಅಣು. 2023ರಲ್ಲಿ ಬ್ಯಾಪ್ಟಿಸ್ಟ್ ಜೂರ್ನೊ ಮತ್ತು ಸಂಗಡಿಗರು ಉಪ್ಪುನೀರನ್ನು ತಣ್ಣಗೆ ಮಾಡಿ ವಜ್ರಗಳ ನಡುವೆ ಹಿಂಡುತ್ತಿದ್ದಾಗ ಪರಿಚಯವಿಲ್ಲದ ಹರಳುಗಳು ಬೆಳೆದವು. ಏಕಹರಳಿನ ಚುಕ್ಕೆಗಳಿಂದ ಅವುಗಳ ಲೆಕ್ಕ ಸಿಕ್ಕಿತು: ಒಂದರಲ್ಲಿ ಎರಡು ಉಪ್ಪಿಗೆ 17 ನೀರು, ಇನ್ನೊಂದರಲ್ಲಿ ಒಂದು ಉಪ್ಪಿಗೆ 13 ನೀರು. ಗುರುಗ್ರಹದ ಉಪಗ್ರಹ ಯುರೋಪಾದ ಮಂಜಿನ ಮೇಲೆ ಗುರುತು ಸಿಗದ ಉಪ್ಪಿನ ಕಲೆಗಳಿರುವುದರಿಂದ ಗ್ರಹವಿಜ್ಞಾನಿಗಳೂ ಈಗ ಈ ಹರಳುಗಳತ್ತ ನೋಡುತ್ತಿದ್ದಾರೆ. ಎರಡರಲ್ಲಿ ಮೊದಲನೆಯದು ಒತ್ತಡ ತೆಗೆದ ಮೇಲೂ, ಚಳಿ ಇರುವವರೆಗೆ, ಹಾಗೆಯೇ ಉಳಿಯಿತು.